ಬಳಚಿಗೆ ಹಾಕಿದ ನೀರು

ರೇವವ್ವನ ಮನೆಯಲ್ಲಿ ಸಮುದ್ರ ಇದೆ ಎಂಬ ಸುದ್ದಿ ಹಬ್ಬಿದಾಗ ಊರಲ್ಲಿ ನಕ್ಕವರೇ ಹೆಚ್ಚು. ನವಲಗುಂದದಿಂದ ಮೊರಬದ ಕಡೆ ಹೋಗುವ ದಾರಿಯ ಮೇಲಿನ ಊರು ಅದು. ಎತ್ತ ಕತ್ತು ಹೊರಳಿಸಿದರೂ ಎರೆಹೊಲ. ಸಮುದ್ರ ನೋಡಬೇಕೆಂದರೆ ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಕಾರವಾರಕ್ಕೇ ಹೋಗಬೇಕು. ಅಂಥ ಊರಿನಲ್ಲಿ, ತತ್ತಿಯ ಹೆಸರೆತ್ತಿದರೂ ಮೂಗು ಮುರಿಯುವ ಲಿಂಗವಂತರ ಮನೆಯೊಳಗೆ ಒಂದು ಗಾಜಿನ ತೊಟ್ಟಿ, ಅದರ ತುಂಬ ಉಪ್ಪುನೀರು, ತಳದಲ್ಲಿ ಉಸುಕು, ಉಸುಕಿನೊಳಗೆ ಜೀವಂತ ಬಳಚು! ಕರಾವಳಿಯವರು ತೆಂಗಿನಕಾಯಿ ಅರೆದು ಸಾರು ಮಾಡಿ ಉಣ್ಣುವ ಎರಡು ಚಿಪ್ಪಿನ ಜೀವ ಅದು.

"ಏನ ರೇವಕ್ಕಾ, ನಿಮ್ಮ ಸೊಸಿ ತನ್ನ ಕಾಯಿಪಲ್ಲೆ ಮನ್ಯಾಗ ಬೆಳಸಾಕ ಹತ್ಯಾಳಂತ?" ಎಂದು ಬಾಜು ಮನೆಯ ಲಕ್ಷ್ಮವ್ವ ಕೇಳಿದಾಗ ರೇವವ್ವ ನಗಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ. "ಅವು ತಿನ್ನೂವಲ್ಲ, ನೋಡೂವು" ಎಂದು ಹೇಳಿ ಒಳಗೆ ಬಂದಳು. ಹೇಳಿದ ಮಾತು ಅವಳಿಗೇ ಪೂರಾ ನಂಬಿಕೆಯಾಗಿರಲಿಲ್ಲ.

ಬಳಚು ತಂದವಳು ಸೊಸೆ ನಂದಾ. ಕಾಳಿ ನದಿ ಸಮುದ್ರಕ್ಕೆ ಸೇರುವಲ್ಲಿಯ ಮೀನುಗಾರರ ಮನೆಯ ಮಗಳು. ಕಡಲ ಜೀವಿಗಳ ಬಗ್ಗೆಯೇ ಎಂ.ಎಸ್ಸಿ. ಓದಿದವಳು. ಮಗ ಗೌರೀಶ ಆ ಕಡೆ ಹೈಸ್ಕೂಲು ಮಾಸ್ತರನಾಗಿದ್ದಾಗ ಅವಳನ್ನು ಮೆಚ್ಚಿ, ರಜಿಸ್ಟರ್ ಮದುವೆ ಮಾಡಿಕೊಂಡು, ನವಲಗುಂದಕ್ಕೆ ವರ್ಗ ಮಾಡಿಸಿಕೊಂಡು ಮನೆಗೇ ಬಂದುಬಿಟ್ಟ. ನಂದಾಳಿಗೂ ಅಲ್ಲಿಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದಳು.

ಲಿಂಗ ಕಟ್ಟಿದವರಿಗೆ ಮೈಲಿಗೆ ಎಂಬುದಿಲ್ಲ, ಮನುಷ್ಯರಲ್ಲಿ ಮೇಲು ಕೀಳಿಲ್ಲ ಎಂದು ಮಠದ ಪ್ರವಚನದಲ್ಲಿ ಹೇಳುವಾಗ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿ ಬಂದವಳು ರೇವವ್ವ. ತಲೆದೂಗುವುದಕ್ಕೇನು, ಕುತ್ತಿಗೆ ಗಟ್ಟಿ ಇದ್ದರೆ ಸಾಕು. ಸೊಸೆ ಬಂದು ಹೊಸ್ತಿಲಲ್ಲಿ ನಿಂತಾಗ ಆ ಪ್ರವಚನವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಾಯಿಬಿಟ್ಟು ಅವಳು ಒಂದು ಕೆಟ್ಟ ಮಾತೂ ಆಡಲಿಲ್ಲ, ಅದನ್ನು ಒಪ್ಪಬೇಕು. "ನಿನಗ ಕಾಲೇಜಿನ ಕೆಲಸನ ಬಾಳ ಆಕ್ಕೈತಿ, ಅಡಗಿ ನಾ ನೋಡ್ಕೊಂತೇನಿ" ಎಂದಳು. "ದೇವರ ಜಗಲಿ ಒರಸೂದು ನನಗ ರೂಢಿ ಐತಿ, ನೀ ಯಾಕ ತ್ರಾಸ ತಗೊಂತಿ" ಎಂದಳು. ಕೇಳಿದವರಿಗೆ ಎಂಥ ಮಾಯೆ ಮಮತೆಯ ಅತ್ತೆ ಎನ್ನಿಸಬೇಕು. ನಂದಾ ಮಾತ್ರ ಜಾಣೆ. ಒಲೆಯ ಹತ್ತಿರ, ಜಗಲಿಯ ಹತ್ತಿರ ತಾನು ಬರಬಾರದು ಎಂಬುದನ್ನು ಮೊದಲ ವಾರದಲ್ಲೇ ತಿಳಿದುಕೊಂಡಳು. ಬಳಚಿನ ತೊಟ್ಟಿಗೆ ಬೀಜದ ಚೀಲ ಇಡುವ ಹೊರಗಿನ ಖೋಲಿಯೇ ಗತಿ ಎಂದಾಗಲೂ ಅವಳು ಅಂದದ್ದು ಒಂದೇ ಮಾತು: "ಆಗ್ಲಿ ಅತ್ತೆ."

ಎಲ್ಲದಕ್ಕೂ ಅವಳು "ಆಗ್ಲಿ ಅತ್ತೆ" ಎಂದೇ ಅನ್ನುತ್ತಿದ್ದಳು. ಜಗಳವಾಡುವ ಸೊಸೆಯಾಗಿದ್ದರೆ ಒಂದು ದಿನ ಕೂಗಾಡಿ, ಮರುದಿನ ಚಹಾ ಕುಡಿದು ಸರಿಹೋಗುತ್ತಿತ್ತು. ಈ "ಆಗ್ಲಿ"ಯನ್ನು ದಾಟುವುದು ಹೇಗೆಂದು ರೇವವ್ವನಿಗೆ ತಿಳಿಯಲೇ ಇಲ್ಲ.

ಮನಸ್ಸು ತಿರುಗಿದ್ದು ಹೋದ ವರ್ಷದ ಬೇಸಿಗೆಯ ಒಂದು ಮಧ್ಯಾಹ್ನ. ಕರೆಂಟು ಹೋಗಿತ್ತು. ಕಾಲೇಜಿನಿಂದ ನಂದಾ ಫೋನು ಮಾಡಿ, ಹೊರಗಿನ ಖೋಲಿ ಕಾಯ್ದಿರುತ್ತದೆ, ಫ್ರಿಜ್ಜಿನಲ್ಲಿ ಬರ್ಫದ ಬಾಟಲಿ ಇಟ್ಟಿದ್ದೇನೆ, ಅದನ್ನು ತೊಟ್ಟಿಯಲ್ಲಿ ತೇಲಿಬಿಡುತ್ತೀರಾ ಎಂದು ಕೇಳಿದಳು. ರೇವವ್ವ ಗೊಣಗುತ್ತಲೇ ಹೋದಳು. ಬಾಟಲಿ ಬಿಟ್ಟವಳು ದಣಿವಾಯಿತೆಂದು ಅಲ್ಲೇ ಚೀಲದ ಮೇಲೆ ಕುಳಿತಳು. ಉಸುಕಿನಿಂದ ಜೋಳದ ಮೊಳಕೆಯಷ್ಟು ಸಣ್ಣ ಎರಡು ಕೊಳವೆ ಮೇಲೆದ್ದವು. ಅವಳು ಬಗ್ಗಿದಳು, ನೆರಳು ಬಿದ್ದದ್ದೇ ತಡ, ಸರ್ರನೆ ಒಳಗೆ ಹೋದವು. ಪಕ್ಕಕ್ಕೆ ಸರಿದು ಕುಳಿತರೆ ಮತ್ತೆ ಹೊರಗೆ. ಮತ್ತೆ ಬಗ್ಗಿದಳು, ಮತ್ತೆ ಒಳಗೆ. ಅರವತ್ತು ದಾಟಿದ ಹೆಂಗಸು ಬಳಚಿನ ಜೊತೆ ಕಣ್ಣುಮುಚ್ಚಾಲೆ ಆಡುತ್ತ ಒಬ್ಬಳೇ ಗಟ್ಟಿಯಾಗಿ ನಕ್ಕಳು.

ಹೊಲದಿಂದ ಬಂದ ಗಂಡ ಈರಬಸಪ್ಪನಿಗೆ ನೀರು ಕೊಡುವ ಮೊದಲೇ ಹೇಳಿದಳು.

"ಉಸರಾಡ್ತಾವ್ರಿ ಅವು! ಒಂದ ಬಾಯಿಲೆ ನೀರ ಜಗ್ಗತಾವ, ಇನ್ನೊಂದ ಬಾಯಿಲೆ ಬಿಡತಾವ."

"ಛಲೋ ಆತು" ಎಂದ ಈರಬಸಪ್ಪ. "ಈ ಮನ್ಯಾಗ ನಿನ್ನ ಮುಂದ ಬಾಯಿ ತಗ್ಯಾವು ಅವಾದ್ರೂ ಅದಾವಲಾ."

ಮರುದಿನವೇ ರೇವವ್ವ ಇಬ್ಬರು ಆಳುಗಳನ್ನು ಕರೆಸಿ ತೊಟ್ಟಿಯನ್ನು ಪಡಸಾಲೆಗೆ ತರಿಸಿದಳು. ದಪ್ಪ ಮಣ್ಣಿನ ಗೋಡೆ, ಎಂಥ ಬಿಸಿಲಿಗೂ ಅಲ್ಲಿ ತಂಪು. ಸಂಜೆ ಬಂದ ನಂದಾ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲಿ ನಿಂತಳು. ಆ ದಿನ ಅವಳ ಮುಖದಲ್ಲಿ ಮೂಡಿದಂಥ ನಗುವನ್ನು, ಅವಳು ಮದುವೆಯಾಗಿ ಬಂದಾಗಿನಿಂದ ರೇವವ್ವ ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಸಂಜೆಯ ಹೊತ್ತು ಇಬ್ಬರೂ ತೊಟ್ಟಿಯ ಮುಂದೆ ಕೂರುವುದು ರೂಢಿಯಾಯಿತು. ನಂದಾ ಹೇಳಿಕೊಡುತ್ತಿದ್ದಳು, ರೇವವ್ವ ಕೇಳುತ್ತಿದ್ದಳು. ಕಿಟಕಿಯಲ್ಲಿ ಬಾಟಲಿಯೊಳಗೆ ಬೆಳೆಸಿದ ಹಸಿರು ನೀರೇ ಬಳಚಿನ ಊಟ. ಬಿಸಿಲಿಗೆ ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ಹಾಗಾಗಿ ಗಾಜಿನ ಮೇಲಿನ ಗೆರೆಗಿಂತ ನೀರು ಇಳಿದರೆ ಹಾಕಬೇಕಾದದ್ದು ಸಿಹಿನೀರು. ಸೊಳ್ಳೆಯ ಔಷಧ, ಊದಿನಕಡ್ಡಿಯ ಹೊಗೆ, ಸಾಬೂನಿನ ಕೈ ಯಾವುದೂ ಹತ್ತಿರ ಸುಳಿಯಬಾರದು. ರೇವವ್ವ ಪಡಸಾಲೆಯಲ್ಲಿ ಊದಿನಕಡ್ಡಿ ಹಚ್ಚುವುದನ್ನೇ ಬಿಟ್ಟಳು. ಇಂಥದ್ದು ಈ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲ.

ಇಷ್ಟೆಲ್ಲ ಆದರೂ ಒಂದು ಮಾತು ಅವಳ ಗಂಟಲಲ್ಲೇ ಉಳಿದಿತ್ತು. ಬಾ, ಇವತ್ತು ರೊಟ್ಟಿ ನೀನೇ ಬಡಿ ಎನ್ನಬೇಕು. ದಿನಾ ಅಂದುಕೊಳ್ಳುವಳು, ದಿನಾ ಬಿಡುವಳು. ಬರಬೇಡ ಎಂದು ಬಾಯಿಬಿಟ್ಟು ಅಂದಿದ್ದರೆ ಬಾ ಎಂದು ಬಾಯಿಬಿಟ್ಟು ಕರೆಯಬಹುದಿತ್ತು. ಕರೆದರೆ, ಇಷ್ಟು ದಿನ ದೂರ ಇಟ್ಟಿದ್ದೆ ಎಂದು ತಾನೇ ಒಪ್ಪಿಕೊಂಡಂತೆ. ಆ ನಾಚಿಕೆ ಅವಳನ್ನು ಕಟ್ಟಿಹಾಕಿತ್ತು.

ಈ ಬೇಸಿಗೆಯಲ್ಲಿ ನಂದಾಳ ತಾಯಿ ಜಾರಿ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡಳು. ಆಪರೇಶನ್ ಆಗಬೇಕೆಂದು ಫೋನು ಬಂತು. ಗೌರೀಶ, ನಂದಾ ಇಬ್ಬರೂ ಹೊರಟರು. ಹೊರಡುವ ಮುಂಜಾನೆ ನಂದಾ ಅತ್ತೆಯನ್ನು ತೊಟ್ಟಿಯ ಮುಂದೆ ಕರೆದಳು.

"ಅತ್ತೆ, ಇವನ್ನ ನಿಮ್ಮ ಕೈಯಲ್ಲಿ ಕೊಟ್ಟು ಹೋಗ್ತಾ ಇದ್ದೇನೆ. ಕ್ಯಾನಿನಲ್ಲಿ ಫಿಲ್ಟರ್ ನೀರು ತುಂಬಿಟ್ಟಿದ್ದೇನೆ, ಅದನ್ನೇ ಹಾಕಿ. ನಳದ ನೀರು ಬೇಡ, ಬ್ಲೀಚಿಂಗ್ ಪುಡಿ ಇರ್ತದೆ. ಬೋರಿನ ನೀರೂ ಬೇಡ, ಸವಳು, ಉಪ್ಪು ಹೆಚ್ಚಾಗ್ತದೆ. ಏನಾದ್ರೂ ಅನುಮಾನ ಬಂದ್ರೆ ಫೋನ್ ಮಾಡಿ."

"ನೀ ನಿಶ್ಚಿಂತಿ ಹೋಗವಾ" ಎಂದಳು ರೇವವ್ವ. "ನಿಮ್ಮವ್ವನ್ನ ನೋಡ್ಕೊ. ಇವನ್ನ ನಾ ನೋಡ್ಕೊಂತೇನಿ."

ಬಸ್ಸು ಹೋದ ಮೇಲೆ ಅವಳು ಬಹಳ ಹೊತ್ತು ತೊಟ್ಟಿಯ ಮುಂದೆ ಕುಳಿತಳು. ಅಡುಗೆಮನೆಯನ್ನು ತಾನು ಕೊಡದಿದ್ದರೂ ಈ ಹುಡುಗಿ ಜೀವದಂಥದ್ದನ್ನು ತನ್ನ ಕೈಗೆ ಕೊಟ್ಟು ಹೋದಳಲ್ಲ! ಇವನ್ನು ಜೀವಂತ ತಿರುಗಿ ಒಪ್ಪಿಸಿದರೆ ಆಗ ಧೈರ್ಯ ಬರುತ್ತದೆ, ಆ ದಿನವೇ ಕೈಹಿಡಿದು ಒಲೆಯ ಮುಂದೆ ಕರೆದೊಯ್ದುಬಿಡುತ್ತೇನೆ ಎಂದು ನಿಶ್ಚಯ ಮಾಡಿದಳು. ಬಳಚು ಬದುಕುವುದಕ್ಕೂ ರೊಟ್ಟಿ ಬಡಿಯುವುದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ರೇವವ್ವನ ಲೆಕ್ಕದಲ್ಲಿ ಸಂಬಂಧವಿತ್ತು.

ಆಪರೇಶನ್ ಮುಂದಕ್ಕೆ ಹೋಯಿತು. ನಾಲ್ಕು ದಿನದಲ್ಲಿ ಬರುತ್ತೇವೆ ಎಂದವರು ವಾರ ಕಳೆದರೂ ಬರಲಿಲ್ಲ. ಬಿಸಿಲು ಬೆಂಕಿಯಾಗಿತ್ತು, ತೊಟ್ಟಿಯ ನೀರು ದಿನದಿನಕ್ಕೆ ಗೆರೆಯಿಂದ ಕೆಳಗೆ ಇಳಿಯುತ್ತಿತ್ತು. ಕ್ಯಾನುಗಳು ಬರಿದಾದವು. ತುಂಬಿಸಲು ಹೋದರೆ ಊರಿನ ಫಿಲ್ಟರ್ ನೀರಿನ ಘಟಕದ ಮೋಟರು ಸುಟ್ಟು ಬಾಗಿಲು ಹಾಕಿತ್ತು.

"ಫೋನ್ ಹಚ್ಚಿ ಕೇಳಬಾರದ?" ಎಂದ ಈರಬಸಪ್ಪ.

"ಅವರವ್ವಗ ನಿನ್ನೆ ಅಷ್ಟ ಆಪರೇಶನ್ ಆಗೇತಿ. ದವಾಖಾನ್ಯಾಗ ನಿಂತಾಕಿಗೆ ಬಳಚಿಗೆ ಯಾವ ನೀರ ಹಾಕ್ಲಿ ಅಂತ ಕೇಳ್ಲೇನು? ನನಗ ಅಷ್ಟೂ ತಿಳಿಯಂಗಿಲ್ಲೇನ್ರಿ?"

ಆ ಕಾಳಜಿ ಸುಳ್ಳಲ್ಲ. ಆದರೆ ಅದರ ಪಕ್ಕದಲ್ಲೇ ಒಂದಿಷ್ಟು ಹಮ್ಮೂ ಕುಳಿತಿತ್ತು. ಕೇಳದೆ, ತನ್ನ ತಿಳುವಳಿಕೆಯಿಂದಲೇ ನಿಭಾಯಿಸಿ ತೋರಿಸಬೇಕು ಎಂಬುದು ಅವಳ ಆಸೆ. ಆ ಒಂದು ಫೋನು ಮಾಡಿದ್ದರೆ ಎಂದು ಮುಂದೆ ಅವಳು ಎಷ್ಟು ಸಲ ಹಣೆ ಬಡಿದುಕೊಂಡಳೋ.

ನಳದ ನೀರು ಬೇಡ, ಬೋರಿನ ನೀರು ಬೇಡ. ಹಾಗಾದರೆ ಮನೆಯಲ್ಲಿ ಎಲ್ಲಕ್ಕಿಂತ ಚೊಕ್ಕ ನೀರು ಯಾವುದು? ಯೋಚಿಸುತ್ತ ದೇವರ ಖೋಲಿಗೆ ಹೋದಳು, ಉತ್ತರ ಜಗಲಿಯ ಮುಂದೆಯೇ ಹೊಳೆಯುತ್ತ ಕುಳಿತಿತ್ತು. ಲಿಂಗಪೂಜೆಯ ನೀರಿನ ತಾಮ್ರದ ಕೊಡ. ಅವಳ ಅತ್ತೆಯ ಕಾಲದ್ದು. ನಸುಕಿನಲ್ಲಿ ಕೆರೆಗೆ ಹೋಗಿ, ಯಾರೂ ಕಾಲಿಡುವ ಮೊದಲು ನೀರು ತಂದು, ಬಿಳಿ ಅರಿವೆಯಲ್ಲಿ ಸೋಸಿ ಆ ಕೊಡಕ್ಕೆ ತುಂಬುವುದು ಅವಳ ನೇಮ. ಅದರಲ್ಲಿ ಬ್ಲೀಚಿಂಗ್ ಪುಡಿಯಿಲ್ಲ, ಸವಳಿಲ್ಲ. ತಾಮ್ರದಲ್ಲಿ ರಾತ್ರಿಯೆಲ್ಲ ಇದ್ದ ನೀರು ಕುಡಿದರೆ ರೋಗವೇ ಬರುವುದಿಲ್ಲ ಎಂದು ಅವಳ ಅತ್ತೆ ಹೇಳಿದ್ದಳು. ಈಗ ಟಿವಿಯವರೂ ಅದನ್ನೇ ಹೇಳುತ್ತಾರೆ. ಗಂಡ ಕೇಳಿದರೂ ಒಂದು ಗುಟುಕು ಕೊಡದ ನೀರು ಅದು.

ಆ ನೀರನ್ನು ಅವಳು ಬಳಚಿಗೆ ಹಾಕಿದಳು. ಹಾಕುವಾಗ ಕಣ್ಣಲ್ಲಿ ನೀರೂ ಬಂತು. ಅಷ್ಟಕ್ಕೇ ನಿಲ್ಲಲಿಲ್ಲ. ಇನ್ನಷ್ಟು ಶುದ್ಧವಾಗಲೆಂದು ದಿನಾ ಕೊಡವನ್ನು ಹುಣಸೆಹಣ್ಣು ಹಚ್ಚಿ ಕೆಂಪಗೆ ಹೊಳೆಯುವಂತೆ ತಿಕ್ಕಿದಳು. ದಿನಾ ತುಂಬಿದಳು, ದಿನಾ ಗೆರೆಯ ಮಟ್ಟಕ್ಕೆ ಹಾಕಿದಳು.

ಮೊದಲು ಕೊಳವೆಗಳು ಕಾಣದಾದವು. ಬಿಸಿಲಿಗೆ ಒಳಗೇ ಮಲಗಿರಬೇಕು ಎಂದುಕೊಂಡಳು. ಎರಡು ದಿನವಾದ ಮೇಲೆ ಬಳಚುಗಳು ಒಂದೊಂದಾಗಿ ಉಸುಕಿನ ಮೇಲೆ ಬಂದು ಮಲಗಿದವು. ಅವಳಿಗೆ ಖುಷಿಯೇ ಆಯಿತು, ತನ್ನನ್ನು ನೋಡಲು ಮೇಲೆ ಬಂದಿವೆ ಎಂದು. ಅವತ್ತು ಫೋನಿನಲ್ಲಿ ನಂದಾ ಕೇಳಿದಾಗ, "ಅಗದಿ ಆರಾಮ ಅದಾವ. ಎಲ್ಲಾ ಮ್ಯಾಲ ಬಂದ ಕುಂತಾವ" ಎಂದಳು. ದವಾಖಾನೆಯ ಗದ್ದಲದಲ್ಲಿ ನಂದಾಳಿಗೆ ಅದು ಪೂರಾ ಕೇಳಿಸಲಿಲ್ಲ. ಬಳಚು ಉಸುಕು ಬಿಟ್ಟು ಮೇಲೆ ಬಂತೆಂದರೆ ಸಾವು ಹತ್ತಿರ ಬಂತೆಂದೇ ಅರ್ಥ, ಕೇಳಿಸಿದ್ದರೆ ಅವಳು ಅಲ್ಲಿಂದಲೇ ಚೀರುತ್ತಿದ್ದಳು. ಮರುದಿನ ಒಂದು ಬಳಚು ಬಾಯಿ ತೆರೆದಿತ್ತು. ರೇವವ್ವ ಬಗ್ಗಿ ನೆರಳು ಬೀಳಿಸಿದಳು. ಮುಚ್ಚಲಿಲ್ಲ. ಗಾಜನ್ನು ತಟ್ಟಿದಳು. ಮುಚ್ಚಲಿಲ್ಲ. ಸಂಜೆಗೆ ಪಡಸಾಲೆಯಲ್ಲಿ ವಾಸನೆ ಎದ್ದಿತು.

ಉಳಿದವೂ ಒಂದರ ಹಿಂದೆ ಒಂದು ಬಾಯಿ ತೆರೆದವು. ಏನು ತಪ್ಪಾಯಿತೆಂದು ಅವಳಿಗೆ ಹೊಳೆಯಲೇ ಇಲ್ಲ. ಊದಿನಕಡ್ಡಿ ಹಚ್ಚಲಿಲ್ಲ, ಸಾಬೂನು ಮುಟ್ಟಲಿಲ್ಲ, ಹಸಿರು ನೀರು ತಪ್ಪಿಸಲಿಲ್ಲ. ಈಗಲಾದರೂ ಹೇಳು ಎಂದು ಗಂಡ ಗದರಿದ. ಅವಳು ಫೋನು ಹಿಡಿದು ಕೂತಳೇ ವಿನಾ ನಂಬರು ಒತ್ತಲಿಲ್ಲ. ಸತ್ತವನ್ನು ತೆಗೆಯಲೂ ಕೈ ಬರಲಿಲ್ಲ. ಒಂದರಲ್ಲಾದರೂ ಜೀವ ಇದ್ದೀತು ಎಂದು ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದಳು.

ನಂದಾ, ಗೌರೀಶ ಬಂದದ್ದು ಮುಂಜಾನೆಯ ಮೊದಲ ಬಸ್ಸಿಗೆ. ರೇವವ್ವ ಆಗಷ್ಟೇ ಜಳಕ ಮಾಡಿ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂರಲು ಹೊರಟಿದ್ದಳು. ಬಾಗಿಲಲ್ಲೇ ನಂದಾಳಿಗೆ ವಾಸನೆ ಹತ್ತಿತು. ಚೀಲ ಕೆಳಗಿಟ್ಟು ಸೀದಾ ತೊಟ್ಟಿಯ ಹತ್ತಿರ ಬಂದಳು. ಅಳಲಿಲ್ಲ. ಗಾಜಿನ ಮೇಲಿನ ಗೆರೆ ನೋಡಿದಳು, ನೀರು ಸರಿಯಾಗಿ ಗೆರೆಯ ಮಟ್ಟಕ್ಕೇ ಇತ್ತು.

"ಯಾವ ನೀರು ಹಾಕಿದ್ರಿ ಅತ್ತೆ?"

"ಫಿಲ್ಟರ್ ನೀರ ಮುಗೀತವಾ. ಘಟಕ ಬಂದ ಆಗಿತ್ತು. ಅದಕ್ಕ ಪೂಜಿ ನೀರ ಹಾಕಿದ್ನಿ."

"ತಾಮ್ರದ ಕೊಡದ್ದಾ?"

"ಹೌದವಾ."

ನಂದಾ ಕಣ್ಣು ಮುಚ್ಚಿದಳು. "ತಾಮ್ರ ನೀರಲ್ಲಿ ಕರಗ್ತದೆ. ನಮಗೆ ಏನೂ ಆಗೋದಿಲ್ಲ, ಇವಕ್ಕೆ ವಿಷ. ಅದೇ ಕೆರೆ ನೀರನ್ನ ಪ್ಲಾಸ್ಟಿಕ್ ಕೊಡದಲ್ಲಿ ಇಟ್ಟು ಹಾಕಿದ್ರೂ ಬದುಕ್ತಿದ್ವೇನೋ."

"ಗೊತ್ತಿಲ್ದ ಮಾಡ್ಯಾಳವಾ ಅಕಿ" ಎಂದ ಈರಬಸಪ್ಪ.

"ಗೊತ್ತು ಮಾವ. ತಪ್ಪು ನಂದೇ. ತಾಮ್ರದ ಮಾತು ಹೇಳಿ ಹೋಗಬೇಕಿತ್ತು." ಹಾಗೆಂದು ಅವಳು ಹಿತ್ತಲಿಗೆ ಹೋಗಿ ಬಕೆಟ್ಟು ತಂದಳು. ಗೌರೀಶ ತಾಯಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: "ಯವ್ವಾ, ಡಾಕ್ಟರು ನಂದಾನ ಅವ್ವಗ ಇನ್ನ ಮ್ಯಾಲೆ ನೀರಾಗ ಇಳೀಬಾರದು, ಬಗ್ಗಬಾರದು ಅಂದಾರ. ಇವು ಅವರವ್ವ ತನ್ನ ಕೈಲೆ ಹೊಳ್ಯಾಗ ಹೆಕ್ಕಿದ್ದು ಬೇ. ಇನ್ನ ಮುಂದ ಅಕಿ ಹೆಕ್ಕೂದಿಲ್ಲ."

ತಾನು ಕೊಂದದ್ದು ಏನನ್ನು ಎಂದು ರೇವವ್ವನಿಗೆ ಆಗ ಗೊತ್ತಾಯಿತು. ತೊಟ್ಟಿಯ ಹತ್ತಿರ ಬಂದು, ನೀರು ಮೊಗೆದು ಬಕೆಟ್ಟಿಗೆ ಸುರಿಯುತ್ತಿದ್ದ ಸೊಸೆಯ ಮುಂದೆ ನಿಂತಳು. ವರ್ಷಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡದ್ದೆಲ್ಲ ಒಮ್ಮೆಗೇ ಹೊರಬರಲು ನೋಡಿತು, ಬಂದದ್ದು ಒಂದಿಷ್ಟೇ.

"ನಂದಾ, ಮನ್ಯಾಗ ಇರೂದ್ರಾಗ ಎಲ್ಲಾಕಿಂತ ಛಲೋ ನೀರು ಅಂತ ಹಾಕಿದ್ನೆವಾ. ಯಾರಿಗೂ ಕೊಡದ ನೀರ ಅವಕ್ಕ ಕೊಟ್ಟೆ. ಲಿಂಗದ ಆಣಿ."

ನಂದಾ ಮೊಗೆಯುವುದನ್ನು ನಿಲ್ಲಿಸಿದಳು. ದನಿ ಏರಿಸಲಿಲ್ಲ.

"ನಾನು ಈ ಮನೆಗೆ ಬಂದ ದಿನ ನೀವು ಅದೇ ಕೊಡದ ನೀರನ್ನ ನನ್ನ ಚೀಲದ ಮೇಲೆ, ನಾನು ಕೂತ ಚಾಪೆ ಮೇಲೆ ಚಿಮುಕಿಸಿದ್ರಿ. ನಾನು ಹಿತ್ತಲಿಗೆ ಹೋದೆ ಅಂದ್ಕೊಂಡು. ಕಿಟಕಿಯಿಂದ ಕಂಡಿತ್ತು." ಬಕೆಟ್ಟಿನ ಕಡೆ ನೋಡಿ ಅಂದಳು: "ಇವತ್ತು ಪೂಜೆ ನೀರು ಅಂದ ಕೂಡಲೇ ನನಗೆ ಅದೇ ನೆನಪಾಯ್ತು. ಪಡಸಾಲೆಗೆ ಬಂದದ್ದನ್ನ ಶುದ್ಧ ಮಾಡಲಿಕ್ಕೆ ಹಾಕಿದ್ರಿ ಅಂತ. ನೀವು ಅಲ್ಲ ಅಂತೀರಿ. ಆಗ್ಲಿ ಅತ್ತೆ, ನಂಬ್ತೇನೆ."

ಕಾಲೇಜಿನ ಹುಡುಗರು ಬಸ್ಸು ತಪ್ಪಿತು ಎಂದಾಗ ಮೇಡಂ ನಂಬುತ್ತಾರಲ್ಲ, ಹಾಗಿತ್ತು ಆ ಮಾತು. ರೇವವ್ವ ಚಿಮುಕಿಸಿದ್ದು ನಿಜ. ಅವತ್ತಿನದು ಬೇರೆ, ಇವತ್ತಿನದು ಬೇರೆ ಎಂದು ಯಾವ ಮುಖದಿಂದ ಹೇಳುವುದು? ಎರಡೂ ಸಲ ಕೊಡ ಅದೇ, ಕೈಯೂ ಇದೇ. ಈ ಹುಡುಗಿ ಇಷ್ಟು ವರ್ಷ ಅದನ್ನು ನೋಡಿಯೂ ತನ್ನ ಜೊತೆ ಕೂತು ನಕ್ಕಿದ್ದಳು, ಅದನ್ನು ನೋಡಿಯೂ ಬಳಚನ್ನು ತನ್ನ ಕೈಗೆ ಕೊಟ್ಟು ಹೋಗಿದ್ದಳು. ಅದು ನೆನಪಾಗಿ ರೇವವ್ವನಿಗೆ ಅಳು ತಡೆಯದಾಯಿತು.

ತೆರೆದ ಚಿಪ್ಪುಗಳೆಲ್ಲ ಬಕೆಟ್ಟಿನಲ್ಲಿದ್ದವು. ಅದನ್ನೆತ್ತಲು ರೇವವ್ವ ಮುಂದೆ ಬಾಗಿದಳು.

"ಬೇಡ ಅತ್ತೆ. ನಿಮ್ಮ ಜಳಕ ಆಗಿದೆ, ಪೂಜೆ ಇನ್ನೂ ಬಾಕಿ ಇದೆ. ಇದನ್ನ ಮುಟ್ಟಬೇಡಿ" ಎಂದಳು ನಂದಾ. ಚುಚ್ಚಿ ಆಡಿದ ಮಾತಲ್ಲ. ನಿಜವಾದ ಕಾಳಜಿಯಿಂದಲೇ ಅಂದಳು. ಈ ಮನೆಯ ರೀತಿಯನ್ನು ಅವಳು ಅಷ್ಟು ಚೆನ್ನಾಗಿ ಕಲಿತಿದ್ದಳು.

ರೇವವ್ವ ಕೇಳಲಿಲ್ಲ. ಎರಡೂ ಕೈಯನ್ನು ಮೊಣಕೈವರೆಗೆ ಆ ನಾರುವ ನೀರಿನಲ್ಲಿ ಇಳಿಸಿದಳು. ಒಂದೊಂದೇ ಬಳಚು ಎತ್ತಿ, ಹಿತ್ತಲ ದಾಸವಾಳದ ಬುಡದಲ್ಲಿ ತಾನೇ ಮಣ್ಣು ತೋಡಿ ಹೂಳಿದಳು. ನಂದಾ ಪಕ್ಕದಲ್ಲಿ ನಿಂತು ನೋಡಿದಳು. ತಡೆಯಲಿಲ್ಲ, ಕೈ ಹಚ್ಚಲೂ ಇಲ್ಲ. ಅತ್ತೆ ಎದ್ದು ನಿಂತ ಮೇಲೆ ಒಳಗೆ ಹೋಗಿ ಬಿಸಿನೀರಿನ ಚೊಂಬು, ಹೊಸ ಸಾಬೂನು ತಂದಳು.

"ತೊಳ್ಕೊಳ್ಳಿ ಅತ್ತೆ, ಪೂಜೆಗೆ ಹೊತ್ತಾಗ್ತದೆ."

ರೇವವ್ವ ಬೊಗಸೆ ಒಡ್ಡಿದಳು. ನಂದಾ ಚೊಂಬನ್ನು ಎತ್ತರಕ್ಕೆ ಹಿಡಿದು, ಅತ್ತೆಯ ಕೈಗೆ ತನ್ನ ಕೈ ಎಲ್ಲಿಯೂ ತಾಗದಂತೆ, ಮೇಲಿನಿಂದ ನೀರು ಹಾಕಿದಳು.